ನಾಲ್ಕು ಸ್ಲಾಟ್ ಇದ್ದರೂ ಎರಡೇ ರ‍್ಯಾಮ್ ಹಾಕಿ

ಮದರ್‌ಬೋರ್ಡಿನಲ್ಲಿ ನಾಲ್ಕು ರ‍್ಯಾಮ್ ಸ್ಲಾಟ್ ಕಂಡರೆ ಹೆಚ್ಚಿನವರ ಲೆಕ್ಕ ಹೀಗೆ ಓಡುತ್ತದೆ: ಈಗ 8 ಜಿಬಿಯ ಒಂದು ಸ್ಟಿಕ್ ಹಾಕೋಣ, ಕಾಫಿ ದುಡ್ಡು ಬಂದ ಮೇಲೆ ಇನ್ನೊಂದು, ಆಮೇಲೆ ನೋಡಿಕೊಂಡು ಮತ್ತೆರಡು. ರ‍್ಯಾಮ್‌ನ ಹಳೆಯ ತಲೆಮಾರಾದ ಡಿಡಿಆರ್3 ಕಾಲದಲ್ಲಿ ಇದು ಹೇಗೋ ನಡೆಯುತ್ತಿತ್ತು. ಈಗಿನ ಡಿಡಿಆರ್5ನಲ್ಲಿ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಕೂತು ಕೊರಿಯರ್‌ನಲ್ಲಿ ಬಿಡಿಭಾಗ ತರಿಸಿ ಜೋಡಿಸುವವರಂತೂ ಆರ್ಡರ್ ಮಾಡುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಬೇಕು. ಹೊಂದದ ಸ್ಟಿಕ್ ಬದಲಾಯಿಸಲು ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್.

ಡಿಡಿಆರ್4ಓ ಡಿಡಿಆರ್5ಓ ಎನ್ನುವುದು ನಮ್ಮ ಕೈಯಲ್ಲಿಲ್ಲ. ಪ್ರೊಸೆಸರ್ ಮತ್ತು ಬೋರ್ಡ್ ಅದನ್ನು ಹೇಳುತ್ತವೆ. ಎಎಂಡಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡಿಗೆ ಡಿಡಿಆರ್4, ಎಎಂ5ಗೆ ಡಿಡಿಆರ್5 ಮಾತ್ರ. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಎರಡು ಬಗೆಯ ಬೋರ್ಡೂ ಇವೆ, ಹಾಗಾಗಿ ಬೋರ್ಡಿನ ಪೂರ್ತಿ ಹೆಸರು ಓದಿ. ಎರಡಕ್ಕೂ 288 ಪಿನ್ನೇ ಆದರೂ ನಡುವಿನ ಕಚ್ಚಿನ ಜಾಗ ಬೇರೆ. ಕೂರುತ್ತಿಲ್ಲ ಎಂದು ಒತ್ತಿದರೆ ಮುರಿಯುವುದು ಸ್ಲಾಟ್. ಈಗಾಗಲೇ ಎಎಂ4 ಇರುವವರು ಡಿಡಿಆರ್4 3200 (ಇದು ವೇಗದ ಅಂಕಿ), ಸಿಎಲ್16 (ಕಾಯುವ ಹೊತ್ತಿನ ಅಂಕಿ, ಲೆಕ್ಕ ಮುಂದಿದೆ), ಎರಡು ಸ್ಟಿಕ್ಕಿನ ಕಿಟ್ ತೆಗೆದುಕೊಂಡರೆ ಮುಗಿಯಿತು. ಮುಂದಿನ ತಲೆನೋವೆಲ್ಲ ಹೆಚ್ಚಾಗಿ ಡಿಡಿಆರ್5ನವರದ್ದು.

ಎಷ್ಟು ಬೇಕು? ತೋಟದ ಲೆಕ್ಕ, ಆಳುಗಳ ಬಟವಾಡೆ, ಟ್ಯಾಲಿ, ಎಕ್ಸೆಲ್, ಜೊತೆಗೆ ಬ್ರೌಸರ್‌ನಲ್ಲಿ ಒಂದಿಪ್ಪತ್ತು ಟ್ಯಾಬ್ ಇದ್ದರೆ 16 ಜಿಬಿ ಸಾಕು. ಹೋಂಸ್ಟೇ ಫೋಟೋ ತಿದ್ದುವುದು, 4ಕೆ ವಿಡಿಯೋ ಎಡಿಟಿಂಗ್, ಹೊಸ ಗೇಮ್‌ಗಳು ಎಂದರೆ 32. ಡ್ರೋನ್ ಚಿತ್ರಗಳನ್ನು ಜೋಡಿಸಿ ತೋಟದ ನಕ್ಷೆ ಮಾಡುವವರು 64ಕ್ಕೇ ಹೋಗಿ, 32ರ ಎರಡು ಸ್ಟಿಕ್‌ಗಳಲ್ಲಿ.

16 ಜಿಬಿಯಲ್ಲಿ ಮಾತ್ರ ಒಂದು ತೊಡಕಿದೆ. ಡಿಡಿಆರ್5ನ 8 ಜಿಬಿ ಸ್ಟಿಕ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕೇ ಚಿಪ್ ಇರುತ್ತವೆ. 16 ಜಿಬಿ ಸ್ಟಿಕ್‌ನ ಚಿಪ್‌ಗಳಿಗೆ ಹೋಲಿಸಿದರೆ ಇವುಗಳಲ್ಲಿ ಬ್ಯಾಂಕ್ ಗ್ರೂಪ್‌ಗಳು, ಅಂದರೆ ಒಂದರ ಬೆನ್ನಿಗೊಂದು ಕೆಲಸ ಮಾಡುವ ಒಳಗಿನ ವಿಭಾಗಗಳು, ಅರ್ಧ, ಆದ್ದರಿಂದ ಕೆಲಸವೂ ಸ್ವಲ್ಪ ನಿಧಾನ. ಹಾಗೆಂದು 16ರ ಒಂದೇ ಸ್ಟಿಕ್ ಹಾಕಿದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ಎರಡು ದಾರಿಗಳಲ್ಲಿ, ಅಂದರೆ ಚಾನೆಲ್‌ಗಳಲ್ಲಿ, ಒಂದೇ ಓಡುತ್ತದೆ. 5600ರ ರ‍್ಯಾಮ್‌ನಲ್ಲಿ ಎರಡು ಚಾನೆಲ್ ಸೇರಿ ಸೆಕೆಂಡಿಗೆ 89.6 ಜಿಬಿ ಸಾಗಿಸುವ ಕಡೆ 44.8ಕ್ಕೇ ನಿಲ್ಲುತ್ತದೆ. ಲೆಕ್ಕಪತ್ರದ ಕೆಲಸಕ್ಕೆ ಇದು ಗೊತ್ತೇ ಆಗುವುದಿಲ್ಲ. ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೇ ಗೇಮ್ ಆಡುವವರಿಗೆ ಎರಡು ಸ್ಟಿಕ್ ಬೇಕೇ ಬೇಕು. ಆ ಗ್ರಾಫಿಕ್ಸ್ ಉಣ್ಣುವುದು ಇದೇ ರ‍್ಯಾಮನ್ನು.

2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಚಿಪ್ ತಯಾರಕರು ಎಐ ಸರ್ವರ್‌ಗಳ ಮೆಮೊರಿಯ ಹಿಂದೆ ಬಿದ್ದದ್ದೇ ಕಾರಣ. ಆದ್ದರಿಂದ ಲೆಕ್ಕದ ಕಂಪ್ಯೂಟರಿಗೆ ಈಗ 16ರ ಒಂದು ಸ್ಟಿಕ್ ಹಾಕಿ ಮುಂದೆ ಇನ್ನೊಂದು ಸೇರಿಸುವುದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಸ್ಟಿಕ್ಕರ್ ಮೇಲಿನ ಪೂರ್ತಿ ಪಾರ್ಟ್ ನಂಬರ್ ಬರೆದಿಟ್ಟುಕೊಳ್ಳಿ. ಅದೇ ನಂಬರ್ ಸಿಕ್ಕರೂ ಒಳಗಿನ ಚಿಪ್ ಬದಲಾಗಿರಬಹುದು. ಒಂದೇ ಪೆಟ್ಟಿಗೆಯ ಜೋಡಿಗೆ ಇರುವ ಭರವಸೆ ಬಿಡಿ ಬಿಡಿಯಾಗಿ ಕೊಂಡದ್ದಕ್ಕೆ ಇಲ್ಲ.

ಇನ್ನು ನಾಲ್ಕು ಸ್ಟಿಕ್ಕಿನ ಮಾತು. ರೈಜನ್ 7000 ಸರಣಿಗೆ ಎಎಂಡಿಯೇ ಕೊಟ್ಟಿರುವ ಅಂಕಿ ನೋಡಿ: ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ 3600. ಒಂದೊಂದು ಚಾನೆಲ್‌ನ ತಂತಿಗೆ ಎರಡೆರಡು ಸ್ಟಿಕ್ ಜೋತುಬಿದ್ದಾಗ ಸಿಗ್ನಲ್ ಅಲ್ಲಲ್ಲೇ ತಿರುಗಿ ಬಡಿದು ಕಲಕುತ್ತದೆ, ವೇಗ ತಗ್ಗಿಸದೆ ವಿಧಿಯಿಲ್ಲ. 6000ದ ಎರಡು ಕಿಟ್‌ಗೆ ದುಡ್ಡು ಸುರಿದು 3600ರಲ್ಲಿ ಓಡಿಸುವುದು ಯಾವ ಸುಖಕ್ಕೆ?

ಪೆಟ್ಟಿಗೆ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ, ಸಿಎಲ್ ಕೂಡ ನೋಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೋಸೆಕೆಂಡಿನಲ್ಲಿ ಸಿಗುತ್ತದೆ. 6000 ಸಿಎಲ್30ಕ್ಕೆ 10, 6000 ಸಿಎಲ್36ಕ್ಕೆ 12, 5600 ಸಿಎಲ್46ಕ್ಕೆ 16ಕ್ಕಿಂತ ಹೆಚ್ಚು. ಎಎಂ5ಗೆ 6000 ಸಿಎಲ್30 ಒಳ್ಳೆಯ ಆಯ್ಕೆ. ಸಿಎಲ್36 ಅಗ್ಗಕ್ಕೆ ಸಿಕ್ಕರೆ ಅದೂ ಆದೀತು. 8000ದ ಹುಚ್ಚು ಬೇಡ. ಕೊಳ್ಳುವ ಮೊದಲು ಬೋರ್ಡ್ ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ಆ ಪಾರ್ಟ್ ನಂಬರ್ ಇದೆಯೇ ನೋಡಿ. ಬಣ್ಣದ ದೀಪದ ಅನೇಕ ಸ್ಟಿಕ್‌ಗಳು 40 ಮಿ.ಮೀ. ಎತ್ತರ ದಾಟುತ್ತವೆ, ದೊಡ್ಡ ಏರ್ ಕೂಲರ್‌ನ ಫ್ಯಾನ್‌ಗೆ ತಾಗುತ್ತವೆ.

ಕೂರಿಸುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್, ಅಂದರೆ ಎ2, ಬಿ2. ಒಂದೇ ಸ್ಟಿಕ್ ಆದರೆ ಎ2. ಎಷ್ಟೋ ಬೋರ್ಡ್‌ಗಳಲ್ಲಿ ಕ್ಲಿಪ್ ಒಂದೇ ತುದಿಗಿರುತ್ತದೆ. ಇನ್ನೊಂದು ತುದಿ ಅರ್ಧ ಕೂತಿದ್ದರೂ ಕೂತಂತೆಯೇ ಕಾಣುತ್ತದೆ. ಎರಡೂ ತುದಿಯನ್ನು ಒತ್ತಿ, ಚಿನ್ನದ ಬಣ್ಣದ ಅಂಚು ಉದ್ದಕ್ಕೂ ಒಂದೇ ಸಮ ಮರೆಯಾಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ.

ಮೊದಲ ಸಲ ಆನ್ ಮಾಡಿದಾಗ ಎಎಂ5 ಬೋರ್ಡ್ ರ‍್ಯಾಮನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಪರದೆ ಕಪ್ಪಗಿರುತ್ತದೆ, ಬೋರ್ಡಿನ ಡಿರ‍್ಯಾಮ್ ದೀಪ ಉರಿಯುತ್ತಿರುತ್ತದೆ. ಕೆಟ್ಟಿದೆ ಎಂದುಕೊಂಡು ಸ್ವಿಚ್ ಆರಿಸಬೇಡಿ, ಹದಿನೈದು ನಿಮಿಷ ಬಿಡಿ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದು ಯಾವಾಗ ಕರೆಂಟ್ ಹೋಗುತ್ತದೋ ಹೇಳಲಾಗದು, ಹಾಗಾಗಿ ಈ ಕೆಲಸವೂ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟೂ ಯುಪಿಎಸ್ ಮೇಲೆಯೇ ಆಗಲಿ. ಪ್ರತಿ ಸಲ ಆನ್ ಮಾಡಿದಾಗಲೂ ಹೀಗೇ ತಡವಾದರೆ ಬಯೋಸ್‌ನಲ್ಲಿ ಹಿಂದೆ ಪಳಗಿಸಿದ್ದನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್ ಆನ್ ಮಾಡಿ.

ಆಮೇಲೆ ರ‍್ಯಾಮನ್ನು ಪೆಟ್ಟಿಗೆ ಮೇಲಿನ ವೇಗದಲ್ಲಿ ಓಡಿಸುವ ಬಯೋಸ್ ಸೆಟ್ಟಿಂಗ್ ಎಕ್ಸ್‌ಪೋ, ಇಂಟೆಲ್‌ನಲ್ಲಾದರೆ ಎಕ್ಸ್‌ಎಂಪಿ, ಆನ್ ಮಾಡಬೇಕು. ಮಾಡದಿದ್ದರೆ 6000ದ ರ‍್ಯಾಮ್ 4800ರಲ್ಲೇ ತೂಕಡಿಸುತ್ತಿರಬಹುದು. ವೇಗ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ 3000 ಎಂದು ಕಂಡರೆ ಅಂಗಡಿಯವನಿಗೆ ಬೈಯಬೇಡಿ, ಅದು ತೋರಿಸುವುದು ಅರ್ಧ.

ಮಳೆಗಾಲದ ಶೀತಕ್ಕೆ ವಾರಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರ್ ಡಿಸ್‌ಪ್ಲೇ ಕೊಡದಿದ್ದರೆ ಪವರ್ ತೆಗೆದು ರ‍್ಯಾಮ್ ಬಿಚ್ಚಿ, ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಅಂಚು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಕೂರಿಸಿ. ರಬ್ಬರಿನಿಂದ ಉಜ್ಜುವುದಾದರೆ ಪುಡಿ ಸ್ಲಾಟಿಗೆ ಬೀಳದಂತೆ ದೂರದಲ್ಲಿ, ಮೆಲ್ಲಗೆ. ಸ್ಯಾಂಡ್‌ಪೇಪರ್ ಮಾತ್ರ ಬೇಡ, ಚಿನ್ನದ ಲೇಪವೇ ಹೋಗುತ್ತದೆ.

ವಿಂಡೋಸ್ ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ, ಒಂದು ರಾತ್ರಿ ಬಿಡಿ. ಒಂದು ತಪ್ಪು ಬಂದರೂ ತಪ್ಪೇ. ಆಗ ಎಕ್ಸ್‌ಪೋ ಆಫ್ ಮಾಡಿ, ಒಂದೊಂದೇ ಸ್ಟಿಕ್ಕನ್ನು ಎ2ನಲ್ಲಿಟ್ಟು ಮತ್ತೆ ಓಡಿಸಿ. ಒಂಟಿಯಾಗಿ ಎರಡೂ ಸರಿ, ಎಕ್ಸ್‌ಪೋ ಜೊತೆ ಜೋಡಿಯಾಗಿ ಮಾತ್ರ ತಪ್ಪು ಎಂದಾದರೆ ಬಯೋಸ್ ಅಪ್‌ಡೇಟ್ ಮಾಡಿ ಅಥವಾ 5600ಕ್ಕೆ ಇಳಿಸಿ. ಒಂದೇ ಸ್ಟಿಕ್ ಪದೇಪದೇ ಸೋತರೆ ಅದನ್ನೇ ಬೇರೆ ಸ್ಲಾಟಿನಲ್ಲೂ ನೋಡಿ. ಅಲ್ಲೂ ಸೋತರೆ ವಾರಂಟಿಗೆ ಕಳಿಸುವುದೇ ದಾರಿ. ಕಿಟ್ ಆಗಿ ಕೊಂಡದ್ದಾದರೆ ಸಾಮಾನ್ಯವಾಗಿ ಎರಡನ್ನೂ ಕೇಳುತ್ತಾರೆ. ಬಿಲ್ಲಿನ ಜೊತೆ ಪ್ಲಾಸ್ಟಿಕ್ ಪೊಟ್ಟಣವನ್ನೂ ಇಟ್ಟುಕೊಂಡಿರಿ.