ನೇತ್ರಾಣಿಗೆ ಹೊರಟವರ ಟಿಪ್ಸ್ ಚರ್ಚೆ

ಮುರುಡೇಶ್ವರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಮಾಡಲು ಹೊರಟಿರುವ ದಾವಣಗೆರೆಯ ನಮ್ಮ ಗೆಳೆಯರ ಬಳಗದಲ್ಲಿ, ಅಲ್ಲಿನ ಸಿಬ್ಬಂದಿಗೆ ಟಿಪ್ಸ್ ಕೊಡಬೇಕೇ, ಕೊಟ್ಟರೆ ಯಾರಿಗೆ ಎಂಬ ಚರ್ಚೆ ನಿನ್ನೆ ತಡರಾತ್ರಿಯವರೆಗೂ ನಡೆಯಿತು. ಬೆಣ್ಣೆದೋಸೆ ತಿಂದು ಉಳಿದ ಚಿಲ್ಲರೆಯನ್ನು ಸಪ್ಲೈಯರ್‌ಗೆ ಬಿಟ್ಟು ಏಳುವ ನಮಗೆ ಈ ಲೆಕ್ಕ ಹೊಸದು. ನೀರಿನೊಳಗೆ ಕೈಹಿಡಿದು ಕರೆದೊಯ್ಯುವ ತರಬೇತುದಾರರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆದರೆ ಗಾಳಿ ತುಂಬುವ ಮೊದಲೇ ಸುಮಾರು 14 ಕಿಲೋ ತೂಗುವ ಅಲ್ಯೂಮಿನಿಯಂ ಸಿಲಿಂಡರುಗಳನ್ನು ದೋಣಿಗೆ ಹೊರುವವರು, ಅವುಗಳಿಗೆ ಕಂಪ್ರೆಸರಿನಿಂದ 200 ಬಾರ್ ಒತ್ತಡದವರೆಗೆ ಗಾಳಿ ತುಂಬುವವರು, ಅಲೆಗಳ ಹೊಯ್ದಾಟಕ್ಕೆ ವಾಂತಿ ಮಾಡಿಕೊಂಡವರನ್ನು ಸಂತೈಸುವ ದೋಣಿಯ ಹುಡುಗರು ಯಾರ ಫೋಟೋದಲ್ಲಿಯೂ ಇರುವುದಿಲ್ಲ. ಆದ್ದರಿಂದ ಎಲ್ಲರಿಗೂ ಹಂಚಿಕೆಯಾಗುವ ಟಿಪ್ಸ್ ಡಬ್ಬಿಯಿದೆಯೇ ಎಂದು ಮೊದಲೇ ವಿಚಾರಿಸಿ, ಇಲ್ಲವಾದರೆ ಹೊರಡುವಾಗ ದೋಣಿಯವರಿಗೂ ತರಬೇತುದಾರರಿಗೂ ಪ್ರತ್ಯೇಕ ಲಕೋಟೆಗಳಲ್ಲಿ ನಗದು ಕೊಡುವುದು ನನಗೆ ಸರಿಯೆನಿಸುತ್ತದೆ. ಹವಳ ಮುಟ್ಟಲು ಬಿಡಿ, ಇನ್ನಷ್ಟು ಆಳಕ್ಕೆ ಕರೆದೊಯ್ಯಿರಿ ಎಂದು ಮೊದಲೇ ನೋಟು ತೋರಿಸುವವರೂ ಇದ್ದಾರೆ. ಅದಕ್ಕೆ ಲಂಚವೆಂದೇ ಹೆಸರು. ಇನ್ನು ಊಟದ ಬಿಲ್ಲಿನಲ್ಲಿ ಸೇವಾ ಶುಲ್ಕವನ್ನು ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿಯೇ ಮಾರ್ಗಸೂಚಿ ಹೊರಡಿಸಿರುವುದರಿಂದ, ಸೇರಿಸಿದ್ದರೆ ಅದನ್ನು ತೆಗೆಸಿ, ಆ ಹಣವನ್ನು ಬಡಿಸಿದವರ ಕೈಗೇ ನೇರವಾಗಿ ಕೊಡಬಹುದು.