ಎಲ್‌ಇಡಿ ಹೆಡ್‌ಲೈಟಿನ ನಡುಕ ಅಂತೂ ನಿಂತಿತು

ನಿಂತಿತು! ಎಂಜಿನ್ ಓಡುತ್ತಿದೆ, ಡಿಪ್ ಹಾಕಿದ್ದೇನೆ, ಬೆಳಕು ಒಂಚೂರೂ ಅಲುಗುತ್ತಿಲ್ಲ. ಇಷ್ಟಕ್ಕೆ ಯಾಕಿಷ್ಟು ಖುಷಿ ಅಂತ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಹಳೇ ಬಗೆಯ ಜನರೇಟರ್) ಕಾಲದ ಕಾರಿಗೆ ಎಲ್‌ಇಡಿ ಹಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫಿಟ್ಟಿಂಗ್ ಕಥೆ ಬೇಗ ಮುಗಿಸುತ್ತೇನೆ. 7 ಇಂಚಿನ ಗುಂಡು ಲೈಟು ಅಮೆರಿಕದಲ್ಲಿ 1940ರಲ್ಲೇ ಸ್ಟ್ಯಾಂಡರ್ಡ್ ಆದ ಅಳತೆ, ಹಾಗಾಗಿ ಆ ಸೈಜಿನ ಎಲ್‌ಇಡಿ ಯೂನಿಟ್ ಇವತ್ತಿಗೂ ಸಲೀಸಾಗಿ ಸಿಗುತ್ತದೆ. ಹಳೇ ರಿಫ್ಲೆಕ್ಟರ್ ಉಳಿಸಿಕೊಂಡು ಬರೀ ಎಲ್‌ಇಡಿ ಬಲ್ಬ್ ತುರುಕುವುದು ನನಗೆ ಸುತರಾಂ ಇಷ್ಟವಿಲ್ಲ. ಆ ರಿಫ್ಲೆಕ್ಟರ್ ಮಾಡಿರುವುದೇ ಪುಟ್ಟ ಫಿಲಮೆಂಟ್ ಇರುವ ಜಾಗದ ಲೆಕ್ಕಕ್ಕೆ. ಬೆಳಕು ಹುಟ್ಟುವ ಜಾಗ ಸ್ವಲ್ಪ ಆಚೀಚೆ ಆದರೂ ಎದುರಿನಿಂದ ಬರುವವರ ಕಣ್ಣು ಕುಕ್ಕುತ್ತದೆ. ಅದಕ್ಕೇ ಪೂರ್ತಿ ಯೂನಿಟ್ಟೇ ಬದಲಾಯಿಸಿದೆ. ಯೂನಿಟ್ಟಿನ ಹಿಂಬದಿಯ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ಭಾಗ) ಲೈಟು ಕೂರುವ ಬಟ್ಟಲಿಗೆ ತಾಗುತ್ತಿತ್ತು, ವೈರುಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದೆ. ನನ್ನ ಕಾರು ನೆಗೆಟಿವ್ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಕಾರಿನ ಲೋಹದ ಮೈಗೆ ಜೋಡಿಸಿದೆ. ಪಾಸಿಟಿವ್ ಅರ್ತ್ ಇರುವವರು ದಯವಿಟ್ಟು ಮೊದಲು ಅದನ್ನು ನೋಡಿಕೊಂಡು ಆಮೇಲೆ ಕೈ ಹಾಕಿ.

ಈಗ ತಲೆ ತಿಂದ ವಿಷಯ. ಎಂಜಿನ್ ಆಫ್ ಇದ್ದಾಗ ಬೆಳಕು ಶಿಸ್ತಾಗಿ ನಿಲ್ಲುತ್ತದೆ. ಎಂಜಿನ್ ಶುರು ಮಾಡಿ ಸ್ವಲ್ಪ ರೇಸ್ ಕೊಟ್ಟರೆ ಸಾಕು, ಎರಡೂ ಲೈಟು ಸಣ್ಣಗೆ ನಡುಗುತ್ತವೆ. ಹಳೇ ಬಲ್ಬಿನಲ್ಲಿ ಇದು ಕಾಣುತ್ತಲೇ ಇರಲಿಲ್ಲ, ಯಾಕೆಂದರೆ ಒಲೆ ಆರಿಸಿದ ಮೇಲೂ ಹೆಂಚು ಬಿಸಿ ಇರುವ ಹಾಗೆ ಫಿಲಮೆಂಟ್ ಕ್ಷಣಮಾತ್ರಕ್ಕೆ ಕರೆಂಟ್ ಇಳಿದರೂ ಉರಿಯುತ್ತಲೇ ಇರುತ್ತದೆ. ಎಲ್‌ಇಡಿ ಹಾಗಲ್ಲ. ವೋಲ್ಟೇಜ್ ಕುಣಿದರೆ, ಒಳಗಿನ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದವಾಗಿ ಕೊಡುವ ಸರ್ಕ್ಯೂಟ್) ಅದನ್ನು ತಡೆಯದಿದ್ದರೆ, ಅದೂ ಜೊತೆಗೇ ಕುಣಿಯುತ್ತದೆ.

ಮಾರಿದವರನ್ನು ಕೇಳಿದೆ. "ಸರ್, ಕ್ಯಾನ್‌ಬಸ್ ಅಡಾಪ್ಟರ್ ಹಾಕ್ಬಿಡಿ, ಎಲ್ಲ ಸರಿಹೋಗುತ್ತೆ" ಅಂದರು. ಅದು ಬಲ್ಬ್ ಸರಿ ಇದೆಯಾ ಅಂತ ಕಂಪ್ಯೂಟರೇ ಪರೀಕ್ಷೆ ಮಾಡುವ ಹೊಸ ಕಾರುಗಳಿಗೆ ಬೇಕಾದ ವಸ್ತು. ನನ್ನ ಕಾರಿನಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಯೂನಿಟ್ ಜೊತೆ ಒಂದು ವೈರಿಂಗ್ ಚಿತ್ರವನ್ನೂ ಕೊಟ್ಟಿರಲಿಲ್ಲ, ಯಾವುದು ಡಿಪ್, ಯಾವುದು ಹೈ ಅಂತ ನಾನೇ ಬ್ಯಾಟರಿ ತಾಗಿಸಿ ಪತ್ತೆ ಹಚ್ಚಬೇಕಾಯಿತು. ಸಿಟ್ಟು ಬರುತ್ತೆ, ಅಲ್ವಾ?

ಮಲ್ಟಿಮೀಟರ್ ಇಲ್ಲಿ ಜಾಸ್ತಿ ಸಹಾಯಕ್ಕೆ ಬರಲಿಲ್ಲ. ಅದು ಸರಾಸರಿ ತೋರಿಸುತ್ತದೆ, ಬೇಗ ಬೇಗ ಏರಿಳಿಯುವುದು ಅದರಲ್ಲಿ ಕಾಣುವುದಿಲ್ಲ. ಲೈಟನ್ನು ಬೇರೆ ಬ್ಯಾಟರಿಗೆ ಕೊಟ್ಟು ಎಂಜಿನ್ ಓಡಿಸಿದೆ: ನಡುಕ ಇಲ್ಲ. ಅಂದರೆ ಯೂನಿಟ್ ಸರಿ ಇದೆ. ಮತ್ತೆ ಕಾರಿನ ವೈರಿಂಗಿಗೇ ಜೋಡಿಸಿ, ಈ ಸಲ ಡೈನಮೋದ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಪೆಟ್ಟಿಗೆಯ ಎಫ್ ವೈರ್ (ಡೈನಮೋದ ಫೀಲ್ಡ್ ಕಾಯಿಲಿಗೆ ಹೋಗುವುದು) ಕಳಚಿದೆ, ಡೈನಮೋ ಚಾರ್ಜ್ ಮಾಡುವುದು ನಿಂತಿತು. ನಡುಕವೂ ನಿಂತಿತು! ಎಂಜಿನ್ ಮಾತ್ರ ಮೊದಲಿನಷ್ಟೇ ಗಡಗಡ ಅನ್ನುತ್ತಿತ್ತು, ಹಾಗಾಗಿ ಅದುರಿ ಅದುರಿ ಎಲ್ಲೋ ವೈರ್ ಸಡಿಲಾಗಿದೆ ಅನ್ನುವ ಅನುಮಾನವೂ ಹೋಯಿತು.

ಉಳಿದದ್ದು ರೆಗ್ಯುಲೇಟರ್. ಅದರ ಕಾಂಟ್ಯಾಕ್ಟ್ ಸೆಕೆಂಡಿಗೆ ಹತ್ತಾರು ಸಲ ಬಿಟ್ಟು ಕೂಡುತ್ತಲೇ ವೋಲ್ಟೇಜ್ ಹಿಡಿದಿಡುತ್ತದೆ, ಅದರ ಕೆಲಸವೇ ಅದು. ಆ ಏರಿಳಿತವನ್ನು ಸಾಮಾನ್ಯವಾಗಿ ಬ್ಯಾಟರಿ ನುಂಗಿಕೊಳ್ಳುತ್ತದೆ. ಇಲ್ಲಿ ಯಾಕೆ ನುಂಗುತ್ತಿಲ್ಲ? ಎಂಜಿನ್ ಓಡುವಾಗ ರೆಗ್ಯುಲೇಟರಿನ ಇ (ಅರ್ತ್) ಟರ್ಮಿನಲ್ಲಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆದೆ. ಹೆಚ್ಚುಕಮ್ಮಿ ಸೊನ್ನೆ ಇರಬೇಕಾದ ಕಡೆ 0.4 ವೋಲ್ಟ್! ಅಂದರೆ ರೆಗ್ಯುಲೇಟರಿಗೂ ಬ್ಯಾಟರಿಗೂ ನಡುವಿನ ಅರ್ತ್ ದಾರಿ ಸರಿ ಇಲ್ಲ. ಆ ಅರ್ತ್ ವೈರಿನ ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆ ದಪ್ಪಗೆ ಪೇಂಟು, ಪೇಂಟಿನ ಅಂಚಿನಲ್ಲಿ ಕಂದು ತುಕ್ಕು. ಯಾವತ್ತೋ ಕಾರಿಗೆ ಬಣ್ಣ ಹೊಡೆದವರು ಅಲ್ಲೂ ಹೊಡೆದುಬಿಟ್ಟಿದ್ದಾರೆ. ಎಮರಿ ಪೇಪರಿನಲ್ಲಿ ಲೋಹ ಫಳಫಳ ಅನ್ನುವವರೆಗೆ ಉಜ್ಜಿ, ವೈರಿನ ತುದಿಗೆ ಹೊಸ ಲಗ್ ಹಾಕಿ ಬಿಗಿ ಮಾಡಿದೆ. ನಡುಕ ಬಹುಪಾಲು ಹೋಯಿತು.

ಉಳಿದ ಚೂರು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿದ ಮೇಲೆ ಹೋಯಿತು. ಡಿಪ್‌ಗೊಂದು, ಹೈಗೊಂದು. ಲೈಟಿನ ಕರೆಂಟ್ ಈಗ ಫ್ಯೂಸ್ ಮೂಲಕ ನೇರ ಬ್ಯಾಟರಿಯಿಂದ ಬರುತ್ತದೆ, ಹಳೇ ಸ್ವಿಚ್ ಬರೀ ರಿಲೇ ಎಳೆಯುತ್ತದೆ. 55 ವ್ಯಾಟ್ ಬಲ್ಬ್ ಒಂದೊಂದೂ ನಾಲ್ಕೂವರೆ ಆಂಪಿಯರ್ ಎಳೆಯುತ್ತಿತ್ತು, ಈ ಯೂನಿಟ್ ಅದರ ಅರ್ಧವೂ ಎಳೆಯುವುದಿಲ್ಲ. ಪಾಪ, ಡೈನಮೋಗೂ ಸ್ವಲ್ಪ ಉಸಿರು.

ಅಂದಹಾಗೆ ಮುಂದಿನ ಕೆಲಸ ಇಂಡಿಕೇಟರ್. ಹಳೇ ಫ್ಲ್ಯಾಷರ್ ಡಬ್ಬಿಯ ಒಳಗಿನ ಪಟ್ಟಿ ಬಿಸಿಯಾಗಲು 21 ವ್ಯಾಟ್ ಬಲ್ಬುಗಳ ಕರೆಂಟೇ ಬೇಕು, ಎಲ್‌ಇಡಿ ಹಾಕಿದರೆ ಸರಿಯಾಗಿ ಮಿನುಗುವುದಿಲ್ಲ. ಆ ಕರೆಂಟ್ ಎಳೆಯಲೆಂದೇ ಲೋಡ್ ರೆಸಿಸ್ಟರ್ ಹಾಕಿ ಸುಮ್ನೆ ಶಾಖ ಮಾಡುವುದಕ್ಕಿಂತ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಒಳ್ಳೆಯದು. ಆದರೆ ಆ ಟಿಕ್ ಟಿಕ್ ಸದ್ದು ನನಗೆ ಬೇಕೇ ಬೇಕು, ಆದ್ದರಿಂದ ಒಳಗೆ ನಿಜವಾದ ರಿಲೇ ಇರುವಂಥದ್ದು ಹುಡುಕುತ್ತಿದ್ದೇನೆ. ಯಾರಾದರೂ ಹಾಕಿದ್ದರೆ ಹೇಳಿ.

ಅದಕ್ಕೂ ಮೊದಲು ಬೀಮಿನ ಎತ್ತರ ಹೊಂದಿಸಬೇಕು. ಟೈರಿನ ಗಾಳಿ ಸರಿ ಮಾಡಿ, ಸೀಟಿನಲ್ಲಿ ಒಬ್ಬರನ್ನು ಕೂರಿಸಿಯೇ ಸ್ಕ್ರೂ ತಿರುಗಿಸುತ್ತೇನೆ. ಈ ಯೂನಿಟ್ಟಿನ ಕಟ್‌ಆಫ್ ಗೆರೆ (ಡಿಪ್ ಬೆಳಕಿನ ಮೇಲಿನ ಅಂಚು) ಹಳೇ ಲೈಟಿಗಿಂತ ತುಂಬಾ ಚೂಪು, ಸ್ವಲ್ಪ ಮೇಲಾದರೂ ಎದುರಿನವರಿಗೆ ಕಷ್ಟ.