ಹಂಪಿಗೆ ಹೋಗೋರು ಲಕ್ಕುಂಡಿಗೂ ಒಂದು ದಿನ ಇಟ್ಕೊಳ್ಳಿ

ಫೋನಿನಲ್ಲಿ 1,500 ಅಂದಿದ್ದ ರೂಮು ಹೊಸಪೇಟೆಗೆ ಹೋಗಿ ನಿಂತಾಗ 2,800 ಆಗಿತ್ತು. "ಡಿಸೆಂಬರ್ ಕೊನೆ ಅಲ್ವಾ ಸಾರ್" ಅಂದರು ಲಾಡ್ಜಿನವರು. ಕಿಟಕಿ ತೆಗೆದರೆ ಕೈಗೆ ಸಿಗುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ. ಹಂಪಿ ಬಗ್ಗೆ ನಾನೇನೂ ಬರೆಯಲ್ಲ. ಕಲ್ಲಿನ ರಥದ ಮುಂದೆ ಫೋಟೋಗೆ ನಿಂತ ಸಾಲು ನೋಡಿಯೇ ಸಾಕಾಗಿತ್ತು. ಜನಜಂಗುಳಿ ನನಗೆ ಆಗಿಬರಲ್ಲ. ನಿಮಗೆ ಆಗಿಬಂದರೆ ಇನ್ನೊಂದು ದಿನ ಅಲ್ಲೇ ಇರಿ.

ನಾನು ಒಂದು ದಿನ ಮೊದಲೇ ಗದಗದ ಬಸ್ ಹತ್ತಿದೆ. ಲಕ್ಕುಂಡಿಯಲ್ಲಿ ಇಳೀಬೇಕು ಅಂದಾಗ ತಲೆ ಆಡಿಸಿದ ಕಂಡಕ್ಟರ್, ಊರು ದಾಟಿದ ಮೇಲೆ "ಇಲ್ಲಿ ಸ್ಟಾಪ್ ಇಲ್ರಿ" ಅಂದರು. ಗದಗಕ್ಕೆ ಹೋಗಿ 12 ಕಿ.ಮೀ. ವಾಪಸ್ ಬಂದೆ. ದುಡ್ಡೂ ದಂಡ, ಒಂದೂವರೆ ಗಂಟೆಯೂ ದಂಡ. ಅದಕ್ಕೇ ಹೇಳ್ತೀನಿ, ಸುಮ್ನೆ ಗದಗದಲ್ಲೇ ರೂಮು ಮಾಡಿ. ನನಗೆ 700ಕ್ಕೆ ಸಿಕ್ಕಿತು, ಕಿಟಕಿಯಾಚೆ ಬೇವಿನ ಮರ ಇತ್ತು. ಚೀಲ ಅಲ್ಲಿಟ್ಟು ಊರೂರಿಗೆ ನಿಲ್ಲೋ ಬಸ್ಸಲ್ಲಿ ಬನ್ನಿ.

ಲಕ್ಕುಂಡಿಯಲ್ಲಿ ಗುಡಿಗಳು ಮನೆಗಳ ನಡುವೆಯೇ ಇವೆ. ನೂರೊಂದು ಗುಡಿ, ನೂರೊಂದು ಬಾವಿ ಅನ್ನೋದು ಊರಿನ ಮಾತು. ಕಾಶಿ ವಿಶ್ವನಾಥ ಗುಡಿಯ ಬಾಗಿಲುವಾಡದ ಕೆತ್ತನೆ ಹತ್ತಿರ ಹೋಗಿ ನೋಡಿ. ಬಳಪದ ಕಲ್ಲಾದ್ದರಿಂದ ಉಳಿ ಎಳೆದಷ್ಟೂ ಸಣ್ಣ ಗೆರೆ ಮೂಡಿದೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯೂ ಇಲ್ಲೇ ಇದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಈಕೆಯೇ. ಅಚ್ಚಿನ ಯಂತ್ರ ಇಲ್ಲದ ಕಾಲ, ಸಾವಿರವನ್ನೂ ಕೈಯಲ್ಲೇ ಬರೀಬೇಕಲ್ಲ! ಬಸದಿಯಲ್ಲಿ ಆ ಹೊತ್ತಿಗೆ ನಾನೊಬ್ಬನೇ.

ಆದರೆ ನಾನು ಜಾಸ್ತಿ ಹೊತ್ತು ಕೂತಿದ್ದು ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಯಲ್ಲಿ. ಮೆಟ್ಟಿಲು ಇಳಿದ ಹಾಗೆ ಗೋಡೆಯಲ್ಲಿ ಪುಟ್ಟ ಗುಡಿಗಳಂಥ ಗೂಡುಗಳು. ಒಂದರಲ್ಲಿ ಪಾರಿವಾಳ ಮೊಟ್ಟೆ ಮೇಲೆ ಕೂತಿತ್ತು. ಕೆಳಗೆ ಹಸಿರು ನೀರು, ಅದರ ಮೇಲೆ ಪ್ಲಾಸ್ಟಿಕ್ ಚೆಂಡು. ಮೇಲಿಂದ ಹುಡುಗನೊಬ್ಬ "ಅಣ್ಣಾರ, ಅದನ್ನ ತಗದ್ ಕೊಡ್ರಿ" ಅಂದ. ಕೋಲು ಹಾಕಿ ಎಳೆದು ಕೊಟ್ಟೆ. ಐದು ನಿಮಿಷಕ್ಕೆ ಚೆಂಡು ಮತ್ತೆ ನೀರಲ್ಲಿ.

ಸಂಜೆ ಗದಗದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಬೋರ್ಡೂ ಇಲ್ಲದ ಖಾನಾವಳಿ ಸಿಕ್ಕಿತು. ಮೂರೇ ಬೆಂಚು. ರೊಟ್ಟಿ ಬಡಿಯೋ ಸದ್ದು ಕೇಳಿಯೇ ಒಳಗೆ ಹೋಗಿದ್ದು. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಮಡಕೆಕಾಳು ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ. ಎಣಗಾಯಿಯ ಬದನೆ ಬಾಯಿಗಿಟ್ಟರೆ ಕರಗುತ್ತಿತ್ತು, ಶೇಂಗಾ ಮಸಾಲೆ ಮಾತ್ರ ಹಲ್ಲಿಗೆ ಸಿಗುತ್ತಿತ್ತು. ರೊಟ್ಟಿ ಮುಗಿಯೋಕೆ ಮುಂಚೆಯೇ ಅಜ್ಜಿ "ಇನ್ನೊಂದ್ ಹಾಕ್ತೀನ್ ತಡೀರಿ" ಅಂತ ಹಾಕಿಯೇ ಬಿಡೋರು. ಬೇಡ ಅಂದರೆ "ಬೆಂಗ್ಳೂರ್ ಮಂದಿ ಹಿಂಗ ಉಂಡ್ರ ಹೆಂಗ್ರಿ?" ಅಂತ ಬೇಜಾರು. ನಾಲ್ಕು ರೊಟ್ಟಿ ತಿಂದೆ. 80 ರೂಪಾಯಿ. ಖಾರ ಆಗದವರು ಚಟ್ನಿ ಮೊಸರಲ್ಲಿ ಕಲಸ್ಕೊಳ್ಳಿ. ಕೈ ತೊಳೆಯೋ ಜಾಗ ಅಷ್ಟು ಚೊಕ್ಕ ಇರಲಿಲ್ಲ, ಅದನ್ನ ನೋಡೋರು ಬೇರೆ ಕಡೆ ಹೋಗಿ.

ಮರುದಿನ ಇಟಗಿಯ ಮಹಾದೇವ ಗುಡಿ. 1112ರದ್ದು. ಅಲ್ಲಿನ ಶಾಸನ ಇದನ್ನ ದೇವಾಲಯ ಚಕ್ರವರ್ತಿ ಅಂತಲೇ ಕರೆದಿದೆ. ಕುಕನೂರಿನವರೆಗೆ ಬಸ್, ಆಮೇಲೆ ಆಟೊ. ಆಟೊದವರಿಗೆ ವಾಪಸ್ ಕರ್ಕೊಂಡು ಬರೋಕೂ ಸೇರಿಸಿ ಮೊದಲೇ ರೇಟು ಮಾತಾಡಿ, ನಾನು ಮಾತಾಡದೆ ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾದೆ. ಊಟ ಕಟ್ಟಿಸ್ಕೊಂಡು ಹೋಗಿ, ನನಗೆ ಅಲ್ಲಿ ಚಹಾ ಬಿಟ್ಟು ಬೇರೇನೂ ಸಿಗಲಿಲ್ಲ. ನನ್ನ ಚೀಲದಲ್ಲಿ ಅಜ್ಜಿ ಪೇಪರಲ್ಲಿ ಸುತ್ತಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಗುಡಿ ಪಕ್ಕದ ಪುಷ್ಕರಣಿ ಮೆಟ್ಟಿಲ ಮೇಲೆ ಕೂತು ಮುರಿದರೆ ಆ ಸದ್ದು ಎದುರಿನ ದಡಕ್ಕೂ ಕೇಳಿರಬೇಕು, ಅಲ್ಲಿ ಮಲಗಿದ್ದ ನಾಯಿ ಎದ್ದು ಬಂತು.